ಹತಾರದ ಒಡೆಯ ಎಲ್ಲಿ ಹೋದ?

ಅಮೆರಿಕದಂಥ ದೇಶಗಳಲ್ಲಿ ಪಿಸ್ತೂಲು ಕೊಂಡವರು ಅದರ ಬಗ್ಗೆ ಬರೆಯುವ ಒಂದು ಬಗೆಯ ಗದ್ಯವಿದೆ. ನಮ್ಮಲ್ಲಿ ಟ್ರ್ಯಾಕ್ಟರ್ ತಂದವರು ಕಟ್ಟೆಯ ಮೇಲೆ ಕೂತು ಆಡುವ ಮಾತಿನಂಥದೇ ಅದು. ಹಿಡಿಕೆ ಕೈಗೆ ಹೊಂದುತ್ತದೋ ಇಲ್ಲವೋ, ಎಷ್ಟು ಸುತ್ತು ಹಾರಿಸಿದ ಮೇಲೆ ಗುಂಡು ಸಿಕ್ಕಿಕೊಂಡಿತು, ಕುದುರೆ ಎಳೆಯಲು ಬಿಗಿಯೋ ಹಗುರವೋ, ಕೊಟ್ಟ ದುಡ್ಡಿಗೆ ಮೋಸವಿಲ್ಲವೋ ಎಂಬ ಲೆಕ್ಕಾಚಾರ. ಸೈನ್ಯಕ್ಕೆಂದು ರೂಪಿಸಿದ ಅರೆಸ್ವಯಂಚಾಲಿತ ಪಿಸ್ತೂಲು ಮನೆಯ ಕಪಾಟಿಗೆ ಬಂದಿರುತ್ತದೆ. ಒಮ್ಮೆ ಕುದುರೆ ಎಳೆದರೆ ಒಂದು ಗುಂಡು ಹಾರುತ್ತದೆ, ಖಾಲಿ ಕೋಶ ಹೊರಗೆ ಬೀಳುತ್ತದೆ, ಮುಂದಿನ ತೋಟಾ ತಾನಾಗಿಯೇ ಬಂದು ಕೂರುತ್ತದೆ. ಒಡೆಯ ಇದನ್ನೆಲ್ಲ ವಿವರವಾಗಿ ಬರೆಯುತ್ತಾನೆ. ಆ ಗುಂಡು ಯಾರಿಗೆಂದು ಮಾತ್ರ ಬರೆಯುವುದಿಲ್ಲ.

ಈ ಬಗೆಯ ಗದ್ಯ ಕನ್ನಡದಲ್ಲಿ ಬೆಳೆದಿಲ್ಲ. ಅದಕ್ಕೆ ಮೊದಲ ಕಾರಣ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಮ್ಮಲ್ಲಿ ಆಯುಧ ಹಕ್ಕಲ್ಲ, ಪರವಾನಗಿ. ಸೈನ್ಯ, ಪೊಲೀಸರು ಬಳಸುವ 9 ಎಂ.ಎಂ. ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಆತನಿಗೆ ಸಿಗುವುದು ಸರ್ಕಾರಿ ಕಾರ್ಖಾನೆಗಳು ಮಾಡುವ .32 ಬೋರಿನಂಥ ಕೈಬಂದೂಕು, ಇಲ್ಲವೇ ಒಂಟಿನಳಿಗೆ, ಜೋಡುನಳಿಗೆಯ ಬಂದೂಕು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಹಾರಿಸುವುದೂ ಈಗ ಶಿಕ್ಷಾರ್ಹ.

ಆದರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನಕ್ಕೆ ಬಂದೂಕು ಅಪರಿಚಿತ ವಸ್ತುವಲ್ಲ. ಹೊಲಕ್ಕೆ ಹಂದಿ ನುಗ್ಗುವ, ಆನೆಗೊಂದಿಯ ಕಲ್ಲುಬೆಟ್ಟಗಳಿಂದ ಕರಡಿ, ಚಿರತೆ ಇಳಿದು ಬರುವ ಸೀಮೆಯಿದು. ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದವರು ಇಂಥ ಊರುಗಳಲ್ಲಿ ಇರುತ್ತಾರೆ. ಚುನಾವಣೆ ಘೋಷಣೆಯಾದಾಗ ಆ ಬಂದೂಕನ್ನು ಠಾಣೆಗೆ ಒಪ್ಪಿಸಿ, ರಸೀದಿ ಪಡೆದು, ಫಲಿತಾಂಶ ಬಂದ ಮೇಲೆ ವಾಪಸ್ ತರಬೇಕು. ಇಷ್ಟು ಅನುಭವವಿರುವ ಒಡೆಯ ನಮ್ಮ ಸಾಹಿತ್ಯದಲ್ಲಿ, ಸಿನಿಮಾದಲ್ಲಿ ಎಲ್ಲಿದ್ದಾನೆ ಎಂಬುದು ಈ ಲೇಖನದ ಪ್ರಶ್ನೆ.

ಸಿನಿಮಾದಿಂದಲೇ ಆರಂಭಿಸೋಣ. ಕಳೆದ ದಶಕದಲ್ಲಿ ಕನ್ನಡದ ಹುಡುಗರ ಬಾಯಲ್ಲಿ ಅತಿ ಹೆಚ್ಚು ಓಡಾಡಿದ ಬಂದೂಕಿನ ಹೆಸರು 'ದೊಡ್ಡಮ್ಮ'. 2022ರಲ್ಲಿ ಬಂದ 'ಕೆ.ಜಿ.ಎಫ್: ಚಾಪ್ಟರ್ 2' ಚಿತ್ರದ ಭಾರೀ ಮೆಷಿನ್‌ಗನ್ ಅದು. ನಾಯಕ ಅದರಿಂದ ಪೊಲೀಸ್ ಠಾಣೆಯೊಂದನ್ನು ಚಿಂದಿ ಮಾಡುತ್ತಾನೆ. ನಳಿಗೆ ಕೆಂಡವಾದಾಗ ಅದಕ್ಕೇ ತಾಗಿಸಿ ಸಿಗರೇಟು ಹಚ್ಚುತ್ತಾನೆ. ಚಿತ್ರಮಂದಿರ ಶಿಳ್ಳೆಯಲ್ಲಿ ಮುಳುಗಿದ ಗಳಿಗೆಯದು. ಆಯುಧಕ್ಕೆ ಬಂಧುತ್ವದ ಹೆಸರಿಟ್ಟಿರುವುದು ಜಾಣತನ. ಆದರೆ ಆ ದೊಡ್ಡಮ್ಮನಿಗೆ ಯಾವ ಮನೆಯೂ ಇಲ್ಲ. ಅವಳಿಗೆ ಎಣ್ಣೆ ಹಚ್ಚಿದವರಿಲ್ಲ, ಅವಳನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಟ್ಟವರಿಲ್ಲ, ತೋಟಾಕ್ಕೆ ದುಡ್ಡು ಹೊಂದಿಸಿದವರಿಲ್ಲ. ನಾಯಕನಿಗೆ ಬಂದೂಕಿನ ಜತೆ ಇರುವುದು ಒಂದು ದೃಶ್ಯದ ನಂಟು ಮಾತ್ರ. ಅಮೆರಿಕದ ಆ ಒಡೆಯ ತನ್ನ ಪಿಸ್ತೂಲಿನ ಗುಣಾವಗುಣಗಳನ್ನಾದರೂ ಬಲ್ಲ. ನಮ್ಮ ನಾಯಕನಿಗೆ ಅದೂ ಬೇಕಾಗಿಲ್ಲ. ಇಬ್ಬರಿಗೂ ಸಮಾನವಾದದ್ದು ಒಂದೇ, ನಳಿಗೆಯ ಆಚೆ ತುದಿಯಲ್ಲಿ ಮನುಷ್ಯರಿದ್ದಾರೆ ಎಂಬುದರ ಮರೆವು.

ಇದಕ್ಕೆ ಎದುರಾಗಿ ಇಟ್ಟು ನೋಡಬೇಕಾದ ಕೃತಿ ನಮ್ಮಲ್ಲಿ ಬಹಳಷ್ಟು ಮಂದಿ ಹತ್ತನೇ ತರಗತಿಯಲ್ಲಿ ಓದಿ, ಪರೀಕ್ಷೆ ಮುಗಿದೊಡನೆ ಮರೆತ ಹಲಗಲಿ ಬೇಡರ ಲಾವಣಿ. 1857ರ ದಂಗೆಯ ಬೆನ್ನಿಗೇ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಜನ ತಮ್ಮಲ್ಲಿರುವ ಆಯುಧ ನೋಂದಾಯಿಸಬೇಕು, ಪರವಾನಗಿ ಇಲ್ಲದವರು ಒಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು.

ತರಗತಿಯಲ್ಲಿ ಈ ಲಾವಣಿಯನ್ನು ಸ್ವಾತಂತ್ರ್ಯ ಹೋರಾಟದ ಹಾಡೆಂದು ಹೇಳಿಕೊಡುತ್ತಾರೆ. ತಪ್ಪೇನಿಲ್ಲ. ಆದರೆ ಪದಗಳಿಗೆ ಕಿವಿಗೊಟ್ಟರೆ ಅದಕ್ಕೂ ಹತ್ತಿರದ ಸಂಗತಿಯೊಂದು ಕೇಳಿಸುತ್ತದೆ. ಲಾವಣಿಕಾರ ಬಳಸುವ ಶಬ್ದ 'ಹತಾರ'. ನಮ್ಮ ಕಡೆ ಈ ಮಾತಿಗೆ ಇಂದಿಗೂ ಎರಡು ಅರ್ಥ. ಕತ್ತಿ, ಬಂದೂಕು ಹತಾರ. ಬಡಿಗ್ಯಾನ ಉಳಿ, ಬಾಚಿಯೂ ಹತಾರ. ಹೊಡೆಯುವುದಕ್ಕೂ ದುಡಿಯುವುದಕ್ಕೂ ಒಂದೇ ಶಬ್ದವಿರುವ ಊರಿಗೆ ಹೋಗಿ 'ನಿಮ್ಮ ಹತಾರ ಕೊಡಿ' ಎಂದರೆ ಕೇಳುವವನ ಕಿವಿಗೆ ಅದು ಹೇಗೆ ಬೀಳುತ್ತದೆ? ಬೇಟೆಯೇ ಕಸುಬಾದ, ಪಾಳೇಗಾರರ ಬಳಿ ಸಿಪಾಯಿಗಿರಿಯೇ ಸಂಬಳವಾದ ಸಮುದಾಯಕ್ಕೆ ಅದು ನೇಗಿಲು ಕಿತ್ತುಕೊಂಡಷ್ಟೇ ನೇರ. ಹತಾರ ಹೋದರೆ ಬದುಕೇ ಉಳಿಯದು ಎಂಬ ಅವರ ನಿಲುವಿನಲ್ಲಿ ಶೌರ್ಯದ ಆವೇಶಕ್ಕಿಂತ ಹೊಟ್ಟೆಪಾಡಿನ ಲೆಕ್ಕ ಹೆಚ್ಚಾಗಿದೆ. ಕೇಳಲು ಬಂದ ಕಾರಕೂನನ ಕಪಾಳಕ್ಕೆ ಬಿದ್ದ ಏಟು ಈ ಲೆಕ್ಕದಿಂದ ಹುಟ್ಟಿದ್ದು.

ಲಾವಣಿಯ ನಿಜವಾದ ಶಕ್ತಿ ಕಾಣುವುದು ಕೊನೆಯಲ್ಲಿ. ಊರು ಲೂಟಿಯಾದಾಗ ಹಾಡುಗಾರ ಏನೇನು ಹೋಯಿತೆಂದು ಪಟ್ಟಿ ಮಾಡುತ್ತಾನೆ. ಕೊಡಲಿ, ಕುಡ, ಕಬ್ಬಿಣ; ಹಾಲು, ಮೊಸರು, ಬೆಣ್ಣೆ; ಅರಿಶಿನ, ಜೀರಿಗೆ, ಬೆಲ್ಲ; ಗಂಗಾಳ, ಚರಿಗೆ; ಮಂಗಳಸೂತ್ರ; ಕಡೆಗೆ ಬೀಸುವ ಕಲ್ಲು ಕೂಡ. ಕತ್ತಿ, ಬಂದೂಕು ಕೇಳಲು ಬಂದವರು ಬೀಸುವ ಕಲ್ಲು ಒಯ್ದರು. ಯಾವ ವ್ಯಾಖ್ಯಾನವನ್ನೂ ಸೇರಿಸದೆ, ಬರೀ ಪಾತ್ರೆ-ಪಡಗಗಳ ಹೆಸರು ಹೇಳುತ್ತ, ಆಯುಧ ಮನೆಯ ಬದುಕಿನಲ್ಲಿ ಎಲ್ಲಿತ್ತು ಎಂಬುದನ್ನು ಹಾಡು ತೋರಿಸಿಬಿಡುತ್ತದೆ. ಅದು ಇದ್ದದ್ದು ಮೊಸರಿನ ಗಡಿಗೆಯ ಪಕ್ಕದಲ್ಲಿ. ಹಲಗಲಿಯ ಹನುಮ, ಬಾಲ, ಜಡಗ, ರಾಮರು ಕಾದಾಡಿದ್ದು ಈ ಪಟ್ಟಿಗಾಗಿ. ಆಯುಧದ ಒಡೆಯನನ್ನು ಅವನ ಅಡುಗೆಮನೆಯ ಸಮೇತ ತೋರಿಸಿದ ಇಂಥ ಕೃತಿ ಕನ್ನಡದಲ್ಲಿ ಅಪರೂಪ.

ಹಲಗಲಿ ಒಂಟಿ ಘಟನೆಯಲ್ಲ ಎಂಬುದನ್ನು ಕೊಪ್ಪಳದವರು ಮರೆಯಬಾರದು. ಮರುವರ್ಷ, 1858ರ ಮೇ ತಿಂಗಳಲ್ಲಿ, ಹಮ್ಮಿಗಿಯ ಕೆಂಚನಗೌಡರಲ್ಲಿ ಕೂಡಿಟ್ಟಿದ್ದ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದವು, ಕಾವಲು ಹಾಕಿದರು. ಮುಂಡರಗಿ ಭೀಮರಾಯರು ಕಾಯುವ ಹಾಗಿರಲಿಲ್ಲ. ಕಾವಲು ಮುರಿದು ಆಯುಧ ತೆಗೆದುಕೊಂಡು, ಡಂಬಳದ ಖಜಾನೆಗೆ ಕೈಹಾಕಿ, ಕೊಪ್ಪಳದ ಕೋಟೆ ಹಿಡಿದರು. ಜೂನ್ 1ರಂದು ಕೋಟೆ ಬಿತ್ತು. ಭೀಮರಾಯರು, ಕೆಂಚನಗೌಡರು ಅಲ್ಲಿಯೇ ಮಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರೂ ಬಂಡೆದ್ದಿದ್ದರು. ತೋಪುಗಳನ್ನು ಧಾರವಾಡಕ್ಕೆ ಕಳಿಸಿ ಎಂಬ ಹುಕುಂ ಅವರಿಗೂ ಬಂದಿತ್ತು. ಹಲಗಲಿಯಲ್ಲಿ ಬೇಡರ ಹತಾರ, ಹಮ್ಮಿಗಿಯಲ್ಲಿ ಗೌಡರ ದಾಸ್ತಾನು, ನರಗುಂದದಲ್ಲಿ ಅರಸನ ತೋಪು. ಮೂರು ಕಡೆಯೂ ದಂಗೆಯ ಹಿಂದೆ ಒಂದೇ ಬೇಡಿಕೆಯಿದೆ, ಆಯುಧ ಒಪ್ಪಿಸು. ಆದರೆ ಮೂವರಿಗೂ ಆಯುಧದ ಅರ್ಥ ಒಂದೇ ಅಲ್ಲ. ಅರಸನಿಗೆ ತೋಪು ಗದ್ದುಗೆಯ ಗುರುತು. ಗೌಡನಿಗೆ ದಾಸ್ತಾನು ಮುಂದಿನ ಯುದ್ಧದ ಬೀಜ. ಬೇಡನಿಗೆ ಅದು ನಾಳೆಯ ಊಟ. ಇತಿಹಾಸದ ಪುಸ್ತಕ ಮೂವರನ್ನೂ 'ಸ್ವಾಭಿಮಾನ' ಎಂಬ ಒಂದೇ ಶಬ್ದದಲ್ಲಿ ಕಟ್ಟಿಬಿಡುತ್ತದೆ. ಸಾಹಿತ್ಯದ ವಿದ್ಯಾರ್ಥಿ ಆ ಗಂಟು ಬಿಚ್ಚಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಾಗಾದರೆ ಹಲಗಲಿಯ ಲಾವಣಿ, ಎಲ್ಲರ ಮನೆಯಲ್ಲೂ ಆಯುಧ ಇರಲಿ ಎನ್ನುತ್ತದೆಯೇ? ಹೀಗೆ ಓದುವವರು ಇದ್ದಾರೆ, ಇನ್ನು ಮುಂದೆ ಹೆಚ್ಚಾಗಲೂಬಹುದು. ಆ ಓದು ನಿಲ್ಲುವುದಿಲ್ಲ. ಲಾವಣಿ ಮಾತಾಡುವುದು ಆಯುಧವೇ ಕಸುಬಾದವರ ಬಗ್ಗೆ, ಅದೂ ಪರದೇಶದ ದಂಡಿನೆದುರು. ನಮ್ಮ ಬಯಲುಸೀಮೆಯ ಊರುಗಳಲ್ಲಿ ಆನಂತರ ಬಂದೂಕು ಯಾರ ಗೋಡೆಯ ಮೇಲೆ ತೂಗಿತು ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಪರವಾನಗಿ ಕಾಗದ ಕೇಳುತ್ತದೆ, ಕಾಗದ ಹೊಲ ಕೇಳುತ್ತದೆ. ಹೊಲವಿದ್ದವನ ಬಂದೂಕು ಹಂದಿಯನ್ನಷ್ಟೇ ಹೆದರಿಸುವುದಿಲ್ಲ. ಅಂಗಳದಲ್ಲಿ ಕೈಕಟ್ಟಿ ನಿಂತ ಆಳನ್ನೂ ಹೆದರಿಸುತ್ತದೆ, ಒಂದೇ ಒಂದು ಗುಂಡು ಹಾರಿಸದೆ. ಒಡೆಯನ ಅನುಭವ ಬರೆಯುವುದೆಂದರೆ ಈ ಅಂಗಳವನ್ನೂ ಬರೆಯುವುದು. ಅದಿಲ್ಲದಿದ್ದರೆ ನಮ್ಮ ಬರಹವೂ ಹಿಡಿಕೆ ಚೆನ್ನಾಗಿದೆ, ಕುದುರೆ ಹಗುರವಿದೆ ಎಂಬ ಮಾತಿಗೇ ಬಂದು ನಿಲ್ಲುತ್ತದೆ.

ಮಲೆನಾಡಿನ ಸಾಹಿತ್ಯ ಈ ವಿಷಯದಲ್ಲಿ ಮುಂದಿದೆ. ಅಲ್ಲಿ ಬಂದೂಕಿನ ಹೆಸರು ಕೋವಿ. ಕುವೆಂಪು ಅವರ ಕಾದಂಬರಿಗಳಲ್ಲಿ ಕೋವಿ ನಾಯಿಗಳಷ್ಟೇ ಸಹಜವಾಗಿ ಮನೆಯಿಂದ ಹೊರಗೆ ಹೊರಡುತ್ತದೆ. ತೇಜಸ್ವಿ ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಕನ್ನಡಕ್ಕೆ ತಂದರು. ಆಂಡರ್ಸನ್‌ನ .405 ವಿಂಚೆಸ್ಟರ್ ರೈಫಲ್ಲು ಅವನ ಬರಹದಲ್ಲಿ ಒಂದು ಪಾತ್ರವೇ ಆಗಿದೆ. ಆದರೆ ಆ ಕತೆಗಳು ಉಳಿದಿರುವುದು ರೈಫಲ್ಲಿನ ಗುಣದಿಂದಲ್ಲ. ಮಚಾನಿನ ಮೇಲೆ ರಾತ್ರಿಯಿಡೀ ಕೂತವನ ಚಳಿ, ಸೊಳ್ಳೆ, ಭಯದಿಂದ. ತೇಜಸ್ವಿಯವರ ಸ್ವಂತ ಬರಹದಲ್ಲಿ ಕೋವಿ ಹಿಡಿದವನು ಪದೇಪದೇ ನಗೆಪಾಟಲಾಗುತ್ತಾನೆ. ಕಾಡು ಅವನಿಗಿಂತ ಜಾಣ. ಕೊಡಗಿನಲ್ಲಂತೂ ಕೋವಿ ಆಚರಣೆಯ ಭಾಗ. ಕೈಲ್‌ಪೊಳ್ದಿನಲ್ಲಿ ಅದಕ್ಕೆ ಪೂಜೆ, ಹುಟ್ಟಿಗೂ ಸಾವಿಗೂ ಅದರ ಸದ್ದೇ ಸುದ್ದಿ. ಪರವಾನಗಿಯಿಂದ ಅಲ್ಲಿನವರಿಗಿರುವ ವಿನಾಯಿತಿ ಬ್ರಿಟಿಷರ ಕಾಲದ್ದು, 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಲಾಯಿತು. ಹಲಗಲಿಗೆ ಬೆಂಕಿ, ಕೊಡಗಿಗೆ ವಿನಾಯಿತಿ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅದೇ ಸರ್ಕಾರ ಇಬ್ಬರು ಕನ್ನಡ ನಾಡಿನ ಒಡೆಯರಿಗೆ ಕೊಟ್ಟ ಎರಡು ಉತ್ತರಗಳಿವು. ಯಾರ ಕೈಯಲ್ಲಿದ್ದರೆ ಆಯುಧ ಸಂಪ್ರದಾಯ, ಯಾರ ಕೈಯಲ್ಲಿದ್ದರೆ ಅಪರಾಧ ಎಂಬುದನ್ನು ಆಳುವವರು ತಮ್ಮ ಅನುಕೂಲ ನೋಡಿ ತೀರ್ಮಾನಿಸುತ್ತಾರೆ.

ನಮ್ಮ ಸೀಮೆಯಲ್ಲಿ ಇನ್ನೂ ಬರೆಯಬೇಕಾದದ್ದು ಬಹಳವಿದೆ. 1947–48ರಲ್ಲಿ ರಜಾಕಾರರ ಹಾವಳಿಯ ವಿರುದ್ಧ ಗಡಿಯಾಚೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳು ನಡೆದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಯ ಹುಡುಗರು ಅಲ್ಲಿ ಮೊದಲ ಬಾರಿಗೆ ಬಂದೂಕು ಮುಟ್ಟಿದರು. ವಿಮೋಚನೆಯ ಕಥನಗಳಲ್ಲಿ ಅವರು ದಾಳಿ ಮಾಡುವುದನ್ನು ಓದುತ್ತೇವೆ. ಮುಟ್ಟಿದ ಬಂದೂಕನ್ನು ಸೆಪ್ಟೆಂಬರ್ 17ರ ನಂತರ ಕೆಳಗಿಟ್ಟು ಹೊಲಕ್ಕೆ ಮರಳುವಾಗ ಕೈಗೆ ಹೇಗನ್ನಿಸಿತು? ಕತೆಗಾರ ಹೊಗಬೇಕಾದ ಬಾಗಿಲು ಅಲ್ಲಿದೆ.

ಇವತ್ತಿನ ಕತೆಗೂ ಬಾಗಿಲು ದೂರವಿಲ್ಲ. ಚುನಾವಣೆಯ ಹೊತ್ತಿಗೆ ಠಾಣೆಯ ಕಟ್ಟೆಯ ಮೇಲೆ, ಹಳೇ ಧೋತರದ ತುಂಡಿನಲ್ಲಿ ಬಂದೂಕು ಸುತ್ತಿಕೊಂಡು ಕೂತ ರೈತನನ್ನು ಯೋಚಿಸಿ. ಶೇಂಗಾ ಹೊಲಕ್ಕೆ ಹಂದಿ ಬರುವ ಕಾಲ, ಬಂದೂಕು ಠಾಣೆಯಲ್ಲಿ. ಅವನು ದಂಗೆ ಏಳುವುದಿಲ್ಲ, ಕಾರಕೂನನ ಕಪಾಳಕ್ಕೆ ಹೊಡೆಯುವುದೂ ಇಲ್ಲ. ಹೊಡೆಯಬೇಕಾಗಿಯೂ ಇಲ್ಲ, ಯಾಕೆಂದರೆ ಕೇಳುತ್ತಿರುವುದು ಅವನೇ ವೋಟು ಹಾಕುವ ಸರ್ಕಾರ. ಒಪ್ಪಿಸುತ್ತಾನೆ, ನಂಬರು ಬರೆಸುತ್ತಾನೆ, ರಸೀದಿಯನ್ನು ಅಂಗಿಯ ಒಳಜೇಬಿನಲ್ಲಿ ಮಡಚಿ ಇಡುತ್ತಾನೆ. ಹೊರಗೆ ಬಂದು ಒಂದು ಚಾ ಕುಡಿದು, ರಾತ್ರಿ ಹೊಲದಲ್ಲಿ ಡಬ್ಬಿ ಬಡಿಯಲು ಯಾರನ್ನು ಕರೆಯುವುದೆಂದು ಯೋಚಿಸುತ್ತಾನೆ. ಆ ರಸೀದಿಯ ಹಿಂದೆ ಹಲಗಲಿಯೂ ಇದೆ, ಕೊಪ್ಪಳದ ಕೋಟೆಯೂ ಇದೆ, ಅಂಗಳದಲ್ಲಿ ಕೈಕಟ್ಟಿ ನಿಂತವನೂ ಇದ್ದಾನೆ. ಲಾವಣಿಕಾರನಿಗಿದ್ದ ಕಣ್ಣಿದ್ದರೆ ದೊಡ್ಡಮ್ಮನ ಸದ್ದಿಗಿಂತ ದೊಡ್ಡ ಕತೆ ಆ ಕಾಗದದಲ್ಲೇ ಸಿಕ್ಕೀತು.