ಮಧ್ಯಾಹ್ನದ ಪೇಪರು

ನಮ್ಮ ಮನೆಯಲ್ಲಿ ದಿನಪತ್ರಿಕೆಗೆ ಒಂದು ಸರದಿ ಇತ್ತು. ಬೆಳಿಗ್ಗೆ ಆರೂವರೆಗೆ ಅಂಗಳಕ್ಕೆ ಬಂದು ಬಿದ್ದ ಪತ್ರಿಕೆ ಮೊದಲು ಮಾವನವರ ಕೈಗೆ. ಜಗಲಿಯ ಬೆಂಚಿನ ಮೇಲೆ ಕೂತು ಅವರು ಸಂಪಾದಕೀಯದ ತನಕ ಓದಿ ಮುಗಿಸುವ ಹೊತ್ತಿಗೆ ಎರಡು ಲೋಟ ಕಾಫಿ ಒಳಗಿನಿಂದ ಹೋಗಿರುತ್ತಿತ್ತು. ಆಮೇಲೆ ನಮ್ಮ ಯಜಮಾನರು. ಅವರದು ಆಟದ ಪುಟ. ನಂತರ ಸಿನಿಮಾ ಪುಟಕ್ಕಾಗಿ ಮಕ್ಕಳ ಎಳೆದಾಟ. ನಡುವೆ ಪಕ್ಕದ ಮನೆಯವರು "ಐದು ನಿಮಿಷ ಕೊಡಿ" ಎಂದು ಒಯ್ದದ್ದು ಒಂದು ತಾಸಿಗೆ ವಾಪಸು. ಹೀಗೆ ಎಲ್ಲರ ಕೈ ದಾಟಿ, ಪುಟಗಳು ಹಿಂದುಮುಂದಾಗಿ, ಅಂಚಿನಲ್ಲಿ ಲೋಟದ ಗುರುತು ಮೂಡಿಸಿಕೊಂಡು, ಊಟದ ಪಾತ್ರೆಗಳೆಲ್ಲ ತೊಳೆದಾದ ಮೇಲೆ ಮಧ್ಯಾಹ್ನ ಎರಡೂವರೆಗೆ ಅದು ನನಗೆ ಸಿಗುತ್ತಿತ್ತು. ಮದುವೆಯಾಗಿ ಬಂದ ಮೇಲೆ ನಾನು ಓದಿದ್ದೆಲ್ಲ ಮಧ್ಯಾಹ್ನದ ಪೇಪರೇ. ನಿಮ್ಮಲ್ಲಿ ಹಲವರದ್ದೂ ಅದೇ ಕತೆ ಇರಬಹುದು.

ಈಗ ಆ ಪೇಪರನ್ನು ನಿಲ್ಲಿಸಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಿದೆ. ಮಗ ಬೆಂಗಳೂರಿನಿಂದ ಬಂದಾಗಲೆಲ್ಲ, "ಅಮ್ಮಾ, ನಿನ್ನೆಯ ಸುದ್ದಿಗೆ ಇವತ್ತು ಯಾಕೆ ದುಡ್ಡು ಕೊಡ್ತೀಯ? ನಿನ್ನ ಫೋನಿಗೇ ಹಾಕಿಕೊಡ್ತೀನಿ" ಎನ್ನುತ್ತಾನೆ. ಅವನ ಮಾತಿನಲ್ಲಿ ಸುಳ್ಳೇನೂ ಇಲ್ಲ. ರಾತ್ರಿ ಟೀವಿಯಲ್ಲಿ ನೋಡಿ, ಬೆಳಗಿನ ಜಾವ ಫೋನಿನಲ್ಲಿ ಓದಿ ಆದದ್ದೇ ಮುಖಪುಟದಲ್ಲಿ ತಂಗಳಾಗಿ ಬಂದಿರುತ್ತದೆ. 2020ರ ಲಾಕ್‌ಡೌನಿನಲ್ಲಿ ಪತ್ರಿಕೆ ಮುಟ್ಟಿದರೆ ರೋಗ ಅಂಟೀತೆಂದು ಹೆದರಿ ನಮ್ಮ ಬೀದಿಯಲ್ಲಿ ಎಷ್ಟೋ ಮನೆಯವರು ನಿಲ್ಲಿಸಿದರು. ರೋಗ ಹೋಯಿತು, ಆ ಮನೆಗಳಿಗೆ ಪತ್ರಿಕೆ ಮಾತ್ರ ಮರಳಲಿಲ್ಲ. ತಿಂಗಳ ಹಣಕ್ಕೆ ಬರುವ ಏಜೆಂಟರು, "ಮೊದಲೆಲ್ಲ ಈ ಬೀದಿಗೆ ಸೈಕಲ್ ತುಂಬ ತರ್ತಿದ್ದೆ ಅಕ್ಕ, ಈಗ ಕಂಕುಳಲ್ಲಿ ಇಟ್ಟುಕೊಂಡು ಬಂದರೂ ಸಾಕು" ಎಂದು ನಗುತ್ತಾರೆ. ಆ ನಗುವಿಗೆ ಏನು ಉತ್ತರ ಕೊಡುವುದೆಂದು ನನಗೆ ತಿಳಿಯುವುದಿಲ್ಲ.

ಇದು ನಮ್ಮ ಬೀದಿಯೊಂದರ ಸಂಗತಿಯಲ್ಲ. ಇಂಗ್ಲೆಂಡಿನ 'ದಿ ಇಂಡಿಪೆಂಡೆಂಟ್' ಪತ್ರಿಕೆ 2016ರ ಮಾರ್ಚಿನಲ್ಲಿ ಮುದ್ರಣ ನಿಲ್ಲಿಸಿ ಕಂಪ್ಯೂಟರಿನೊಳಗೆ ಹೋಯಿತು. 1703ರಲ್ಲಿ ಹುಟ್ಟಿದ, ವಿಯೆನ್ನಾ ನಗರದ 'ವೀನರ್ ಝೈಟುಂಗ್' 2023ರ ಜೂನ್ 30ರಂದು ತನ್ನ ಕೊನೆಯ ದಿನದ ಸಂಚಿಕೆ ಅಚ್ಚು ಹಾಕಿತು. ಮೂರು ಶತಮಾನಕ್ಕೂ ಮಿಕ್ಕಿ ಬಾಳಿದ ಪತ್ರಿಕೆ ಅದು. ನಮ್ಮಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ ಅವರು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದದ್ದು 1843ರ ಜುಲೈ 1ರಂದು. ವಯಸ್ಸಿನಲ್ಲಿ ಇನ್ನೂ ಇನ್ನೂರು ತುಂಬಿಲ್ಲ. ಅಷ್ಟರಲ್ಲೇ ನಾವು ಕಾಗದಕ್ಕೆ ತಿಥಿಯ ದಿನ ಹುಡುಕತೊಡಗಿದ್ದೇವೆ.

ಹಾಗೆಂದು ಅಳುತ್ತ ಕೂರುವವಳು ನಾನಲ್ಲ. ಪತ್ರಿಕೆಗಳ ಮೇಲೆ ನನಗೆ ದೂರುಗಳೂ ಇವೆ. ಹಬ್ಬ ಬಂತೆಂದರೆ ಮುಖಪುಟ ಎಲ್ಲಿದೆಯೆಂದು ಹುಡುಕಬೇಕು. ಮೇಲೊಂದು ಬಂಗಾರದಂಗಡಿ, ಅದರ ಕೆಳಗೊಂದು ಸೀರೆಯಂಗಡಿ, ಅದನ್ನೂ ತೆಗೆದರೆ ಮೊಬೈಲಿನ ಜಾಹೀರಾತು. ಈರುಳ್ಳಿ ಸುಲಿದ ಹಾಗೆ ಸುಲಿದ ಮೇಲೆ ಸುದ್ದಿ. ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಜಾಹೀರಾತನ್ನೇ ಸುದ್ದಿಯ ವೇಷದಲ್ಲಿ ಹಾಕುವ ಚಾಳಿಯನ್ನು ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವಿಚಾರಿಸಬೇಕಾಯಿತು. ಓದುಗರ ನಂಬಿಕೆ ಫೋನು ಬಂದ ಮೇಲೆ ಕರಗಿತೆನ್ನುವವರು ಇದನ್ನೂ ನೆನಪಿಡಬೇಕು.

ಇನ್ನು ನಮಗೆಂದೇ ಮೀಸಲಾದ ಮಹಿಳಾ ಪುಟ. ನಂಜನಗೂಡಿನ ತಿರುಮಲಾಂಬ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ಅಂಥ ಕಾಲದಲ್ಲಿ ಅವರು 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮನವರು 1921ರಲ್ಲಿ ಶುರುಮಾಡಿದ 'ಸರಸ್ವತಿ' ನಾಲ್ಕು ದಶಕ ನಡೆಯಿತು. ಹೆಣ್ಣು ಓದಬೇಕು, ಬರೆಯಬೇಕು, ಲೋಕ ಅರಿಯಬೇಕು ಎಂಬ ಹಂಬಲ ಅವರದು. ಅವರ ಮೊಮ್ಮಕ್ಕಳ ಕಾಲಕ್ಕೆ ಬಂದರೆ ಮಹಿಳಾ ಪುಟವೆಂದರೆ ಮುಖಕ್ಕೆ ಕಡಲೆಹಿಟ್ಟು, ಕೂದಲಿಗೆ ಮೆಂತ್ಯ, ಅತ್ತೆಯೊಡನೆ ಹೊಂದಿಕೊಳ್ಳಲು ಹತ್ತು ಸೂತ್ರ. ಬಜೆಟ್ಟು, ನ್ಯಾಯಾಲಯ, ನೀರಾವರಿಗಳೆಲ್ಲ ಗಂಡಸರ ಪುಟದಲ್ಲಿ. ಬೇಳೆಯ ಬೆಲೆ ಏರಿದ್ದು ಮೊದಲು ತಟ್ಟುವುದು ಯಾರ ಡಬ್ಬಿಗೆ ಎಂದು ಇವರನ್ನು ಯಾರಾದರೂ ಕೇಳಬೇಕಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಪತ್ರಿಕೆ ನಿಲ್ಲಿಸಲಾರೆ. ಅದಕ್ಕೆ ಕಾರಣ ನಮ್ಮ ಚಿಕ್ಕಮ್ಮ.

ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಶಿವಮೊಗ್ಗದ ಗಂಡನ ಮನೆ ಬಿಟ್ಟು ತೀರ್ಥಹಳ್ಳಿಯಲ್ಲಿ ಬಾಡಿಗೆಗೆ ಇದ್ದರು. ರವಿಕೆ ಹೊಲಿದು ಮಗಳನ್ನು ಓದಿಸುತ್ತಿದ್ದರು. ಪತ್ರಿಕೆ ತರಿಸುವ ಶಕ್ತಿ ಇರಲಿಲ್ಲ. ಮನೆಯ ಯಜಮಾನರು ಓದಿ ಬಿಟ್ಟದ್ದು ಮೂರು ನಾಲ್ಕು ದಿನ ತಡವಾಗಿ ಇವರಿಗೆ ಬರುತ್ತಿತ್ತು. ಅವರು ಓದುತ್ತಿದ್ದುದು ಹಿಂದಿನ ಪುಟದಿಂದ, ಒಂದಕ್ಷರ ಬಿಡದೆ. ಟೆಂಡರ್ ಪ್ರಕಟಣೆ, ಹೆಸರು ಬದಲಾವಣೆ, ಶ್ರದ್ಧಾಂಜಲಿ ಎಲ್ಲವನ್ನೂ. "ಅದರಲ್ಲೇನಿದೆ ಚಿಕ್ಕಮ್ಮ?" ಎಂದರೆ, "ಇರಲಿ ಮಾರಾಯ್ತಿ, ಅಕ್ಷರ ಯಾಕೆ ದಂಡ ಮಾಡೋದು" ಎನ್ನುತ್ತಿದ್ದರು.

2009ರಲ್ಲಿ ಒಂದು ಮಧ್ಯಾಹ್ನ ಹೀಗೆ ಓದುತ್ತಿದ್ದಾಗ ಒಂದು ಸಾರ್ವಜನಿಕ ಪ್ರಕಟಣೆ ಕಣ್ಣಿಗೆ ಬಿತ್ತು. ಯಾರೋ ವಕೀಲರು ತಮ್ಮ ಕಕ್ಷಿದಾರರು ಇಂಥ ಸ್ವತ್ತು ಕೊಳ್ಳುತ್ತಿದ್ದಾರೆಂದೂ, ಯಾರದಾದರೂ ಹಕ್ಕು, ತಕರಾರು ಇದ್ದರೆ ಹದಿನೈದು ದಿನದೊಳಗೆ ತಿಳಿಸಬೇಕೆಂದೂ ಕೊಟ್ಟಿದ್ದ ಜಾಹೀರಾತು. ಕೆಳಗೆ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಬಾವಿ. ಚಿಕ್ಕಮ್ಮನಿಗೆ ಖಾತೆ ನಂಬರು ಗೊತ್ತಿರಲಿಲ್ಲ. ಬಾವಿ ಗೊತ್ತಿತ್ತು. "ಆ ಬಾವಿ ನೀರು ಸೇದಿ ಸೇದಿ ಕೈ ಬೊಬ್ಬೆ ಬಂದಿತ್ತು, ಮರೀತೀನಾ?" ಎಂದು ಆಮೇಲೆ ಹೇಳಿದರು. ಅದು ಅವರ ಗಂಡನ ಮನೆ. ಒಬ್ಬ ವಿಧವೆ, ಒಬ್ಬಳು ಮಗಳು ಇದ್ದಾರೆಂಬುದನ್ನು ಮರೆತು ಮೈದುನ ಅದನ್ನು ಮಾರಲು ಹೊರಟಿದ್ದ. ಪತ್ರಿಕೆ ನಾಲ್ಕು ದಿನ ಹಳೆಯದು, ಉಳಿದಿದ್ದು ಹನ್ನೊಂದು ದಿನ. ಮರುದಿನವೇ ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ವಕೀಲರನ್ನು ಕಂಡರು. ತಕರಾರು ಹೋಯಿತು, ಮಾರಾಟ ನಿಂತಿತು, ಎರಡು ವರ್ಷದ ಓಡಾಟದ ಮೇಲೆ ಗಂಡನ ಪಾಲು ಸಿಕ್ಕಿತು. ಮಗಳ ನರ್ಸಿಂಗ್ ಓದು ಆದದ್ದು ಆ ಹಣದಲ್ಲಿ.

ಈ ಸುದ್ದಿಯನ್ನು ಚಿಕ್ಕಮ್ಮ ಕೇಳಿರಲಿಲ್ಲ, ಹುಡುಕಿರಲಿಲ್ಲ. ಅವಳಿಗೆ ಹೀಗೊಂದು ಸುದ್ದಿ ಬೇಕೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರಿಗೆಲ್ಲ ಒಂದೇ ಪತ್ರಿಕೆ ಹೋಗುತ್ತಿದ್ದುದರಿಂದ, ನಾಲ್ಕು ದಿನ ತಡವಾಗಿಯಾದರೂ ಅವಳ ಕೈಗೂ ಅದೇ ಬಂತು. ನನ್ನ ಮಟ್ಟಿಗೆ ಮುದ್ರಿತ ಪತ್ರಿಕೆಯ ದೊಡ್ಡ ಗುಣ ಇದೇ. ಮಾವನವರು ಓದಿದ್ದೂ ಅದೇ ಹಾಳೆ, ನಾನು ಓದಿದ್ದೂ ಅದೇ ಹಾಳೆ. ಸರದಿಯಲ್ಲಿ ನಾನು ಕೊನೆಯವಳಾದರೂ ಒಂದಕ್ಷರ ಕಡಿಮೆಯಾಗಿ ಸಿಗಲಿಲ್ಲ.

ಫೋನಿನ ರೀತಿ ಬೇರೆ. ಮಗ ಹಾಕಿಕೊಟ್ಟದ್ದನ್ನು ನಾನು ನೋಡಿದ್ದೇನೆ. ಒಮ್ಮೆ ಮಂಡಿನೋವಿನ ಎಣ್ಣೆಯ ಬಗ್ಗೆ ಓದಿದೆ; ಅಂದಿನಿಂದ ಜಗತ್ತಿನ ಮಂಡಿಗಳೆಲ್ಲ ನನ್ನ ಫೋನಿನಲ್ಲೇ ನೋಯತೊಡಗಿವೆ. ಕಸೂತಿ ನೋಡಿದ್ದಕ್ಕೆ ಇನ್ನಷ್ಟು ಕಸೂತಿ. ಯಜಮಾನರ ಫೋನಿನಲ್ಲಿ ಅವರಿಗೆ ಮೊದಲೇ ಒಪ್ಪಿಗೆಯಾದ ರಾಜಕೀಯ, ಮಗಳ ಫೋನಿನಲ್ಲಿ ಇನ್ನೊಂದು ಲೋಕ. ಒಂದೇ ಜಗಲಿಯಲ್ಲಿ ಕೂತ ಮೂವರಿಗೆ ಮೂರು ಬೇರೆ ಬೆಳಗುಗಳು. ಮೊದಲು ಒಂದೇ ಸುದ್ದಿಗೆ ಜಗಳವಾಡುತ್ತಿದ್ದೆವು. ಈಗ ಜಗಳಕ್ಕೂ ಸಾಮಾನು ಇಲ್ಲ. ನಾನು ಇಷ್ಟಪಟ್ಟದ್ದನ್ನೇ ಬಡಿಸುವ ಅಡುಗೆಯವನು ಒಳ್ಳೆಯವನೆನ್ನಿಸಬಹುದು. ಹಾಗಲಕಾಯಿ ತಿನ್ನದ ಮಗುವಿಗೆ ದಿನಾ ಜಿಲೇಬಿ ಹಾಕುವ ಅಡುಗೆ ಅದು.

ಇನ್ನೊಂದು ಮಾತು. ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಒಂದು ಸಾಲು ಇರುತ್ತದೆ: ಮುದ್ರಕರು ಯಾರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು, ಸಂಪಾದಕರು ಯಾರು. ನಾವು ಯಾರೂ ಅದನ್ನು ಓದುವುದಿಲ್ಲ. 1867ರ ಕಾಯ್ದೆ ಅದನ್ನು ಕಡ್ಡಾಯ ಮಾಡಿತ್ತು. ಆ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸದು ಬಂದಿದೆ. ಆ ಸಾಲಿನ ಅರ್ಥ ಇಷ್ಟೆ: ಇಲ್ಲಿ ಸುಳ್ಳು ಬಂದರೆ ಕೇಳಲು ಒಂದು ಹೆಸರಿದೆ, ಒಂದು ವಿಳಾಸವಿದೆ. ಪತ್ರಿಕೆಗಳು ಸುಳ್ಳು ಬರೆಯುವುದಿಲ್ಲವೆಂದಲ್ಲ. ಬರೆದರೆ ನಾಳೆ ಅದೇ ಜಾಗದಲ್ಲಿ, ಮುಖ ಸಪ್ಪೆ ಮಾಡಿಕೊಂಡಾದರೂ, ತಿದ್ದುಪಡಿ ಹಾಕಬೇಕಾಗಬಹುದು.

ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುವ ಸಂಗತಿಗಳಿಗೆ ಆ ಸಾಲು ಇಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ರಾಜ್ಯದ ಊರೂರಿಗೆ ಹಬ್ಬಿತ್ತು. ನಮ್ಮ ಕುಟುಂಬದ ಗುಂಪಿಗೂ ಬಂತು. ನಾನೂ ಹಿಂದುಮುಂದು ನೋಡದೆ ತಂಗಿಗೆ, ಓರಗಿತ್ತಿಗೆ, ಭಜನಾ ಮಂಡಳಿಗೆ ಕಳಿಸಿದೆ. ಮಕ್ಕಳ ವಿಷಯವಲ್ಲವೆ, ಕಳಿಸಿದರೆ ತಪ್ಪೇನು ಎಂದುಕೊಂಡೆ. ಆ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕ ಇಂಜಿನಿಯರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅವನ ಜೊತೆಗಿದ್ದವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರಂತೆ, ಅಷ್ಟೆ. ಅದನ್ನು ಮರುದಿನ ಪತ್ರಿಕೆಯಲ್ಲಿ ಓದಿದಾಗ ನನ್ನ ಕೈ ತಣ್ಣಗಾಯಿತು. ಮುರ್ಕಿಯಲ್ಲಿ ಹಬ್ಬಿದ್ದು ನಾನು ಕಳಿಸಿದ ಸಂದೇಶವಲ್ಲ, ನಿಜ. ಆದರೆ ಅದರ ಒಡಹುಟ್ಟಿದ್ದು. ನನ್ನ ಸಂದೇಶಕ್ಕೆ ಮುದ್ರಕರು ಯಾರು, ಪ್ರಕಾಶಕರು ಯಾರು? ನಾನೇ. ನನ್ನ ಹೆಸರು ಎಲ್ಲೂ ಅಚ್ಚಾಗಲಿಲ್ಲ, ಅಷ್ಟೇ ವ್ಯತ್ಯಾಸ.

ಫೋನನ್ನು ಬೈದು ಮುಗಿಸಿಬಿಟ್ಟರೆ ಅದೂ ಅನ್ಯಾಯವೇ. ಕಣ್ಣಿನ ಪೊರೆ ಬಂದ ನನ್ನ ತಾಯಿ ಈಗ ಅಕ್ಷರಗಳನ್ನು ಎರಡು ಬೆರಳಲ್ಲಿ ಹಿಗ್ಗಿಸಿಕೊಂಡು ಓದುತ್ತಾರೆ. ಯಾರೂ ಓದಿ ಬಿಡುವ ತನಕ ಕಾಯಬೇಕಿಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣೊಬ್ಬಳು 181ಕ್ಕೆ ಕರೆ ಮಾಡಬಹುದೆಂದು ಯಾರಿಗೂ ಕಾಣದಂತೆ ತಿಳಿದುಕೊಳ್ಳಬಹುದು. ಜಗಲಿಯ ಮೇಲೆ ಹರಡಿದ ಪತ್ರಿಕೆ ಆ ಗುಟ್ಟನ್ನು ಅವಳಿಗೆ ಕೊಡಲಾರದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲು ಇದ್ದದ್ದು ದೇಶದ ನೂರು ಹೆಂಗಸರಲ್ಲಿ ಸುಮಾರು 54 ಮಂದಿಗೆ ಮಾತ್ರ. ಉಳಿದವರಿಗೆ ಫೋನೆಂದರೆ ಗಂಡನದು, ಮಗನದು. ಅದು ಜೇಬಿನಲ್ಲಿ ಹೊರಗೆ ಹೋಗುತ್ತದೆ. ಪತ್ರಿಕೆ ಮನೆಯಲ್ಲಿ ಉಳಿಯುತ್ತದೆ.

ಹಾಗಾಗಿ ಕಾಗದ ಉಳಿಯುತ್ತದೆಯೋ ಇಲ್ಲವೋ ಎಂಬುದು ನನಗೆ ಎರಡನೆಯ ಮಾತು. ಕೊಂಡು ಕೊಡುವ ಬೆಲೆಯಲ್ಲಿ ಪತ್ರಿಕೆಯ ಕಾಗದ, ಮಸಿಯ ಖರ್ಚೂ ಹುಟ್ಟುವುದಿಲ್ಲ, ತುಂಬಿಕೊಡುತ್ತಿದ್ದುದು ಜಾಹೀರಾತು. ಆ ಜಾಹೀರಾತಿನ ದೊಡ್ಡ ಪಾಲು ಈಗ ಗೂಗಲ್, ಫೇಸ್‌ಬುಕ್ಕುಗಳ ಕಡೆ ಹೋಗಿದೆ. 2022ರಲ್ಲಿ ಯುಕ್ರೇನಿನ ಯುದ್ಧ ಶುರುವಾದಾಗ ಹೊರದೇಶದಿಂದ ಬರುವ ಕಾಗದದ ಬೆಲೆಯೂ ಏರಿತು. ಹೀಗೆ ಎರಡೂ ಕಡೆಯಿಂದ ಹಿಂಡಿದಾಗ ಮೊದಲು ಸಣ್ಣದಾಗುವುದು ನಮ್ಮಂಥ ಊರಿನ ಪುಟ. ಪುರಸಭೆಯ ಸಭೆಯಲ್ಲಿ ಕೂತು, ನಲ್ಲಿ ನೀರು ಎಂಟು ದಿನ ಬಾರದ್ದಕ್ಕೆ ಯಾರು ಏನು ಹೇಳಿದರೆಂದು ಬರೆದುಕೊಳ್ಳುವ ವರದಿಗಾರರಿಗೆ ಸಂಬಳ ಯಾರು ಕೊಡುತ್ತಾರೆ? ಫೋನಿನಲ್ಲಿ ಬರುವ ಪುಕ್ಕಟೆ ಸುದ್ದಿಯ ಮೂಲವೂ ಎಷ್ಟೋ ಸಲ ಅವರು ಬರೆದುಕೊಂಡ ಆ ಪುಸ್ತಕವೇ. ಬಾವಿ ಬತ್ತಿಸಿ ಕೊಡಪಾನಕ್ಕೆ ಹೊಳಪು ಹಾಕಿದರೆ ನೀರು ಎಲ್ಲಿಂದ ಬಂದೀತು? ಕಾಗದದಲ್ಲೇ ಬರಲಿ, ಗಾಜಿನ ಮೇಲೆ ಬರಲಿ, ಎಲ್ಲರಿಗೂ ಒಂದೇ ಆಗಿ ಬರುವ ಸುದ್ದಿ, ಅದರ ಕೆಳಗೊಂದು ಹೆಸರು, ಊರಲ್ಲೊಬ್ಬ ವರದಿಗಾರ, ಈ ಮೂರಕ್ಕೆ ನಾವು ದುಡ್ಡು ಕೊಡಲೇಬೇಕು. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಸುದ್ದಿ ಮಾತ್ರ ಪುಕ್ಕಟೆ ಸಿಗಬೇಕೆಂದರೆ, ಅದರಲ್ಲಿ ಬೆರಕೆ ಇದೆಯೆಂದು ದೂರುವ ಹಕ್ಕೂ ಇರುವುದಿಲ್ಲ.

ಮಾವನವರು ಈಗಿಲ್ಲ. ಯಜಮಾನರು ಫೋನಿನಲ್ಲೇ ಆಟದ ಅಂಕ ನೋಡುತ್ತಾರೆ. ಹೀಗಾಗಿ ಮಡಿಕೆ ಬಿಚ್ಚದ ಪತ್ರಿಕೆ ಬೆಳಿಗ್ಗೆ ಆರೂವರೆಗೇ ನನ್ನದು. ಇಷ್ಟು ವರ್ಷ ಇದಕ್ಕಾಗಿಯೇ ಕಾದಿದ್ದೆನೆಂದು ಅಂದುಕೊಂಡಿದ್ದೆ. ಕೈಗೆ ಬಂದಾಗ ಮಾತ್ರ, ಯಾರೂ ಬಾಯಿ ಹಾಕದ ಊಟದ ತಟ್ಟೆಯ ಹಾಗೆ ಏನೋ ಬಿಕೋ ಎನ್ನುತ್ತದೆ. ಈಗಲೂ ನಾನು ಓದುವುದು ಎರಡೂವರೆಗೇ, ಚಿಕ್ಕಮ್ಮನ ಹಾಗೆ ಹಿಂದಿನ ಪುಟದಿಂದ. ಓದಿ ಮುಗಿಸುವ ಹೊತ್ತಿಗೆ ಮನೆಗೆಲಸಕ್ಕೆ ಬರುವ ಹುಡುಗಿ ಪಾತ್ರೆ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಾಳೆ. ಅವಳು ಎಸ್ಸೆಸ್ಸೆಲ್ಸಿ ಪಾಸು. ಅಂಗನವಾಡಿ ಸಹಾಯಕಿಯರನ್ನು ಯಾವಾಗ ಕರೆಯುತ್ತಾರೆಂದು ಅವಳ ಕಣ್ಣು ಜಿಲ್ಲೆಯ ಪುಟದ ಮೇಲೆ.

"ಓದಿ ಆಯ್ತೇನಮ್ಮ?" ಎನ್ನುತ್ತಾಳೆ.

ಮುಂದಿನ ತಿಂಗಳ ಹಣವನ್ನು ಏಜೆಂಟರಿಗೆ ನಿನ್ನೆಯೇ ಕೊಟ್ಟಿದ್ದೇನೆ.