ಕಲ್ಯಾಣಕಾರಕದ ರೋಗನಾಮಗಳು: ಅರ್ಥನಿರ್ಣಯದ ಒಂದು ಸಮಸ್ಯೆ

ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು ಉಪಲಬ್ಧ ಜೈನ ವೈದ್ಯಗ್ರಂಥಗಳಲ್ಲಿ ಅಗ್ರಗಣ್ಯವಾದುದು. ಪಂ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಹಿಂದೀ ಅನುವಾದಸಹಿತವಾಗಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿ ವಿದ್ವಲ್ಲೋಕಕ್ಕೆ ಮಹದುಪಕಾರವನ್ನು ಮಾಡಿದ್ದಾರೆ. ಗ್ರಂಥಕಾರರ ಕಾಲದೇಶಗಳ ಚರ್ಚೆಯನ್ನು ಬದಿಗಿರಿಸಿ, ಇಂತಹ ಗ್ರಂಥಗಳನ್ನು ಅನುವಾದಿಸುವಾಗ ರೋಗನಾಮಗಳನ್ನು ಹೇಗೆ ಗ್ರಹಿಸಬೇಕೆಂಬುದನ್ನಷ್ಟೇ ಇಲ್ಲಿ ಪರಿಶೀಲಿಸಲಾಗುವುದು.

ಉಗ್ರಾದಿತ್ಯರು ವ್ಯಾಧಿಗಳನ್ನು ಮಹಾಮಯಗಳೆಂದೂ ಕ್ಷುದ್ರರೋಗಗಳೆಂದೂ ವಿಭಾಗಿಸುತ್ತಾರೆ. ಮಹಾಮಯವೆಂದರೆ ಅಪರೂಪದ ರೋಗ, ಕ್ಷುದ್ರರೋಗವೆಂದರೆ ಸಾಮಾನ್ಯವಾದ ಅಲ್ಪವ್ಯಾಧಿ ಎಂದು ಇಂದಿನ ವಾಚಕನು ತಿಳಿಯುವ ಸಂಭವವುಂಟು. ಆದರೆ ವೈದ್ಯಶಾಸ್ತ್ರದಲ್ಲಿ ‘ಮಹಾ’ ಶಬ್ದವು ರೋಗದ ವಿರಳತೆಯನ್ನಲ್ಲ, ದುಶ್ಚಿಕಿತ್ಸ್ಯತೆಯನ್ನು ಸೂಚಿಸುತ್ತದೆ. ಸರ್ವತ್ರ ಕಾಣಬರುವ ಅರ್ಶಸ್ಸು, ಎಂದರೆ ಮೂಲವ್ಯಾಧಿಯು, ಸುಶ್ರುತ ವಾಗ್ಭಟರಿಬ್ಬರ ಗಣನೆಯಲ್ಲಿಯೂ ಮಹಾರೋಗವೇ. ಅಂತೆಯೇ ‘ಕ್ಷುದ್ರ’ವೆಂಬುದು ಅಲ್ಪಾಪಾಯದ ಸೂಚಕವಲ್ಲ. ಸುಶ್ರುತನು ಹೇಳುವ 44 ಕ್ಷುದ್ರರೋಗಗಳಲ್ಲಿ ತಾರುಣ್ಯದ ಮೊಡವೆಯೂ ಅಕಾಲದ ನರೆಯೂ ಉಂಟು. ಕಂಕುಳಲ್ಲಿ ಬೆಂಕಿಯಂತಹ ಉರಿಯೊಡನೆ ಒಡೆಯುವ, ಜ್ವರದಿಂದ ಕೂಡಿ ಪಕ್ಷದೊಳಗಾಗಿ ರೋಗಿಯನ್ನು ಕೊಲ್ಲಬಲ್ಲ ಅಗ್ನಿರೋಹಿಣಿಯೂ ಉಂಟು.

ಕುಷ್ಠಶಬ್ದದ ಸ್ಥಿತಿ ಇನ್ನೂ ವಿಚಾರಾರ್ಹವಾದುದು. ಪ್ರಾಚೀನರು ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಒಟ್ಟು 18 ಭೇದಗಳನ್ನು ಹೇಳಿದ್ದಾರೆ. ಇವುಗಳಲ್ಲಿ ದದ್ರುವು ಗಜಕರ್ಣವನ್ನೂ ಪಾಮೆಯು ಕಜ್ಜಿಯನ್ನೂ ಬಹುಮಟ್ಟಿಗೆ ಹೋಲುತ್ತವೆ. ಗಜಕರ್ಣಕ್ಕೆ ಶಿಲೀಂಧ್ರವೂ, ರಾತ್ರಿ ತುರಿಕೆ ಹೆಚ್ಚುವ ಕಜ್ಜಿಗೆ ಚರ್ಮವನ್ನು ಕೊರೆಯುವ ಸೂಕ್ಷ್ಮಕೀಟವೂ ಕಾರಣವೆಂದು ಇಂದು ತಿಳಿದಿದೆ. ಇಂದು ಕುಷ್ಠರೋಗವೆಂದು ಕರೆಯುವುದಾದರೋ 1873ರಲ್ಲಿ ಹ್ಯಾನ್ಸನ್ ಗುರುತಿಸಿದ ದಂಡಾಣುವಿನಿಂದ ಬರತಕ್ಕ ಒಂದೇ ವ್ಯಾಧಿ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಅದರ ಮುಖ್ಯ ಲಕ್ಷಣ. ಅಲಕ್ಷಿಸಿದಲ್ಲಿ ನರಗಳು ಕೆಟ್ಟು ಕೈಕಾಲುಗಳು ವಿಕಲವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 1981ರಿಂದ ಶಿಫಾರಸು ಮಾಡಿರುವ ಬಹುವಿಧ ಔಷಧಚಿಕಿತ್ಸೆಯಿಂದ ಅದು ಪೂರ್ಣವಾಗಿ ಗುಣವಾಗುತ್ತದೆ. ಪ್ರಾಚೀನರು ಕುಷ್ಠಪ್ರಕರಣದಲ್ಲಿ ಹೇಳುವ ಸ್ಪರ್ಶಹಾನಿ, ಅಂಗುಲಿವೈಕಲ್ಯಗಳು ಇದಕ್ಕೆ ಸಮೀಪವೆಂಬುದು ನಿಜ. ಆದರೂ ಹದಿನೆಂಟನ್ನೂ ಈ ಒಂದರಲ್ಲಿಯೇ ಅಡಗಿಸುವುದು ಯುಕ್ತವಲ್ಲ. 20 ಬಗೆಯ ಪ್ರಮೇಹಗಳಲ್ಲಿ ಒಂದಾದ ಮಧುಮೇಹದ ಹೆಸರನ್ನು ಪ್ರಮೇಹಕ್ಕೆಲ್ಲ ಆರೋಪಿಸುವುದೂ ಇಂತಹುದೇ ದೋಷ.

ಇದು ಕೇವಲ ಶಬ್ದವಿಚಾರವಲ್ಲ. ಅನುವಾದದಲ್ಲಿ ಆಧುನಿಕ ರೋಗನಾಮವನ್ನು ಕಂಡ ರೋಗಿಯು ಅಲ್ಲಿ ಹೇಳಿದ ಯೋಗವನ್ನೇ ನೆಚ್ಚಿ, ಗುಣವಾಗಬಹುದಾದ ಕಾಲವನ್ನು ಕಳೆದುಕೊಂಡಾನು. ಗ್ರಂಥಕ್ಕೂ ಹಾನಿಯುಂಟು. ಮದ್ಯಮಾಂಸಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿದ್ದು ಉಗ್ರಾದಿತ್ಯರ ವೈಶಿಷ್ಟ್ಯ. ನಾಮಸಾಮ್ಯವನ್ನೇ ನಂಬಿ ಅನ್ಯಸಂಹಿತೆಗಳ ಯೋಗಗಳಿಂದ ತ್ರುಟಿತ ಪಾಠವನ್ನು ತುಂಬಿದರೆ, ಆಚಾರ್ಯರು ಪ್ರಯತ್ನಪೂರ್ವಕವಾಗಿ ತ್ಯಜಿಸಿದ ದ್ರವ್ಯವೇ ಅವರ ಹೆಸರಿನಲ್ಲಿ ಒಳನುಸುಳೀತು.

ಆದುದರಿಂದ ಅನುವಾದಕರು ಮೂಲದ ರೋಗನಾಮವನ್ನು ಹಾಗೆಯೇ ಉಳಿಸಿ, ಗ್ರಂಥೋಕ್ತ ಲಕ್ಷಣಗಳನ್ನು ತಿಳಿಗನ್ನಡದಲ್ಲಿ ಕೊಡುವುದು ಉಚಿತ. ಆಧುನಿಕ ಸಾಮ್ಯವನ್ನು ಊಹೆಯೆಂದೇ ಟಿಪ್ಪಣಿಯಲ್ಲಿ ಸೂಚಿಸಬೇಕು; ಇದಕ್ಕೆ ಪಂಡಿತರೊಡನೆ ಅನುಭವಿ ವೈದ್ಯರ ಸಹಕಾರವೂ ಅವಶ್ಯಕ. ಲಕ್ಷಣವು ಹೊಂದದೆಡೆ ಹೆಸರನ್ನು ಹೊಂದಿಸುವುದು ಸಂಪಾದನ ಧರ್ಮವೆನಿಸದು.