ಕೆಮ್ಮಿನ ಕಾರಣ ಕೇಳದ ಓದು

ಎನಲಾಪ್ರಿಲ್ ನುಂಗುವ ಬಿಪಿ ರೋಗಿಗೆ ಒಣಕೆಮ್ಮು ಹತ್ತಿಕೊಂಡರೆ ಅದರ ಹಿಂದೆ ಬ್ರಾಡಿಕೈನಿನ್ ಇರುತ್ತದೆ. ಈ ಮಾತ್ರೆ ತಡೆಯುವ ಎಸಿಇ ಕಿಣ್ವಕ್ಕೆ ಎರಡು ಕೆಲಸ: ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್-2 ತಯಾರಿಸುವುದು, ಬ್ರಾಡಿಕೈನಿನ್ ಒಡೆಯುವುದು. ಕಿಣ್ವ ಕಟ್ಟಿಬಿದ್ದಾಗ ಬ್ರಾಡಿಕೈನಿನ್ ಉಳಿದು ಕೆರಳಿಸುತ್ತದೆ. ಬಿಪಿಗೇ ಕೊಡುವ ಇನ್ನೊಂದು ಔಷಧ ಲೊಸಾರ್ಟಾನ್ ಆ ಕಿಣ್ವದ ತಂಟೆಗೇ ಹೋಗುವುದಿಲ್ಲವಾದ್ದರಿಂದ ಕೆಮ್ಮಿನ ಕಾಟ ಕಡಿಮೆ. ಈ ಎಳೆ ಹಿಡಿದವರು ಫಾರ್ಮಸಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಜಿಪ್ಯಾಟ್‌ನಲ್ಲಿ ಪ್ರಶ್ನೆಯನ್ನು ಯಾವ ಕಡೆಯಿಂದ ತಿರುಗಿಸಿ ಕೇಳಿದರೂ ಉತ್ತರಿಸಬಲ್ಲರು. ತಯಾರಿಯ ನೋಟ್ಸ್‌ಗಳಲ್ಲಿ ಮಾತ್ರ ಇದೇ ವಿಷಯ ಚೂರುಚೂರಾಗಿರುತ್ತದೆ. ‘ಪ್ರಿಲ್’ ಎಂದು ಮುಗಿಯುವ ಔಷಧಗಳು ಒಂದು ಪಟ್ಟಿ, ಅಡ್ಡಪರಿಣಾಮಗಳು ಇನ್ನೊಂದು, ಕಿಣ್ವಗಳು ಮತ್ತೊಂದು. ಮಕ್ಕಳು ಎಲ್ಲವನ್ನೂ ಉರು ಹೊಡೆಯುತ್ತಾರೆ. ಕಾರಣವನ್ನು ಬಿಟ್ಟು ಫಲವನ್ನಷ್ಟೇ ಕಲಿಸುವುದು ಈ ತಯಾರಿಯ ದೊಡ್ಡ ದೋಷ.

ಉರು ಹೊಡೆಯುವವರನ್ನು ನಾನು ಹೀಗಳೆಯಲಾರೆ. ಮೂರು ಗಂಟೆ, 125 ಪ್ರಶ್ನೆ. ಒಂದಕ್ಕೆ ಒಂದೂವರೆ ನಿಮಿಷವೂ ಸಿಗದು. ಅರ್ಹತೆ ಪಡೆದು ಎಂ.ಫಾರ್ಮ್ ಸೇರಿದವರಿಗೆ ಎರಡು ವರ್ಷ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ. ಎಷ್ಟೋ ಮನೆಗಳಲ್ಲಿ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದನ್ನು ಈ ಹಣವೇ ತೀರ್ಮಾನಿಸುತ್ತದೆ. 2010ರಲ್ಲಿ ಶುರುವಾದ ಪರೀಕ್ಷೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯಿಂದ 2019ಕ್ಕೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎಗೆ, 2024ಕ್ಕೆ ರಾಷ್ಟ್ರೀಯ ವೈದ್ಯಕೀಯ ಪರೀಕ್ಷಾ ಮಂಡಳಿಗೆ ಕೈ ಬದಲಾಯಿಸಿದೆ. ಓದಿಸುವ ಕ್ರಮ ಬದಲಾಗಲಿಲ್ಲ.

‘ಗೊತ್ತಿಲ್ಲದ್ದನ್ನು ಮುಟ್ಟಬೇಡಿ’ ಎಂಬ ಸಲಹೆಯನ್ನೇ ನೋಡಿ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೂ ಸರಾಸರಿ ಕಾಲು ಅಂಕ ಲಾಭವೇ. ಒಂದು ಆಯ್ಕೆಯನ್ನು ಖಚಿತವಾಗಿ ಹೊರಹಾಕಬಲ್ಲವರಿಗೆ ಆ ಲಾಭ ಮೂರನೇ ಎರಡಂಶಕ್ಕೆ ಏರುತ್ತದೆ. ಆದ್ದರಿಂದ ಸಲಹೆ ಲೆಕ್ಕದಲ್ಲೇ ತಪ್ಪು. ಊಹೆಗೆ ಅಂಕ ಕೊಡುವ ಈ ನಿಯಮ ಔಷಧ ಕೈಗೆತ್ತಿಕೊಳ್ಳುವವರ ಪರೀಕ್ಷೆಗೆ ಒಪ್ಪುವಂಥದ್ದೂ ಅಲ್ಲ.

ಎನ್‌ಟಿಎ ಕಾಲದಲ್ಲಿ ಔಷಧ ರಸಾಯನಶಾಸ್ತ್ರಕ್ಕೆ 38 ಪ್ರಶ್ನೆಗಳಿದ್ದರೆ ಗಿಡಮರಗಳಂಥ ನಿಸರ್ಗಮೂಲದ ಔಷಧಗಳನ್ನು ಓದಿಸುವ ಫಾರ್ಮಕಾಗ್ನಸಿಗೆ ಬರೀ 10. ಅದನ್ನು ಕೈಬಿಡುವುದೇ ಜಾಣತನವೆಂಬ ಮಾತು ಬೆಳೆದದ್ದು ಹೀಗೆ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಗಳು ಬಂದದ್ದು ಆ ರಾಸಾಯನಿಕದ ಬೆನ್ನು ಹತ್ತಿ. ಮಲೆನಾಡಿನ ವಿದ್ಯಾರ್ಥಿಯೊಬ್ಬರು ಮನೆಯ ಹಿಂದಿನ ಕಾಡಿಗೂ ಕೀಮೋಥೆರಪಿ ವಾರ್ಡಿಗೂ ಇರುವ ಈ ನಂಟನ್ನು ಅರಿಯದೆ ಪದವಿ ಮುಗಿಸುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ರೂಢಿಯೊಂದೇ ನನ್ನ ಮೆಚ್ಚುಗೆ ಗಳಿಸುವುದು, ಅದೂ ಉತ್ತರಕ್ಕೆ ಟಿಕ್ ಹಾಕಿದ ಮೇಲೂ ಪ್ರಶ್ನೆಯನ್ನು ಬಿಡದವರ ಕೈಯಲ್ಲಿ. ಉದಾಹರಣೆಗೆ, ಔಷಧವೊಂದರ ಹಂಚಿಕೆ ಪರಿಮಾಣ 20 ಲೀಟರ್, ಕ್ಲಿಯರೆನ್ಸ್ ಗಂಟೆಗೆ 4 ಲೀಟರ್ ಆದರೆ ಅರ್ಧಾಯು ಸುಮಾರು ಮೂರೂವರೆ ಗಂಟೆ. ಸೂತ್ರ ಗೊತ್ತಿದ್ದವರಿಗೆ ಅಂಕ ಬಂತು. ಅಲ್ಲಿಗೇ ನಿಲ್ಲಬಾರದು. ಅದು ಮೂತ್ರಪಿಂಡದ ಮೂಲಕ ಹೊರಹೋಗುವ ಜೆಂಟಮೈಸಿನ್‌ನಂಥ ಔಷಧ, ರೋಗಿ ಕಿಡ್ನಿ ಸೋತ ವೃದ್ಧರು, ಕ್ಲಿಯರೆನ್ಸ್ ಅರ್ಧಕ್ಕೆ ಇಳಿದಿದೆ ಎಂದುಕೊಂಡು ಮತ್ತೆ ಲೆಕ್ಕ ಹಾಕಬೇಕು. ಅರ್ಧಾಯು ಏಳು ಗಂಟೆಯಾಗುತ್ತದೆ. ಡೋಸಿನ ಅಂತರ ಅದೇ ಇದ್ದರೆ ಔಷಧ ಮೈಯಲ್ಲಿ ಶೇಖರವಾಗಿ ಕಿವಿಗೂ ಕಿಡ್ನಿಗೂ ಏಟು ಬೀಳುತ್ತದೆ.